ಸುಂದರಮ್ಮನವರು ಪುಡಿ ಕೊಡದ ಮಧ್ಯಾಹ್ನ

ಗೌರಿಬಿದನೂರಿನಲ್ಲಿ ನರ್ಸಾಗಿದ್ದ ಸುಂದರಮ್ಮನವರು ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಹೊಟ್ಟೆ ನೋಡುತ್ತಿದ್ದರು. ಹಸುಗೂಸುಗಳ ಉಸಿರು ಎಣಿಸಿ ಎಣಿಸಿ ಬಂದ ಚಾಳಿ. ಪೋಸ್ಟ್‌ಮ್ಯಾನ್ ಕಾಗದ ತಂದರೂ ಅವನ ಶರ್ಟಿನ ಮೂರನೆಯ ಗುಂಡಿಗೇ ಥ್ಯಾಂಕ್ಸ್ ಹೇಳುತ್ತಿದ್ದರು.

ನಾನಾಗ ಹೊಸ ಮೇಷ್ಟ್ರು. ಪಾಠಕ್ಕಿಂತ ಅಣಕಕ್ಕೇ ಹೆಸರಾದವನು. ಇಂಥವರು ಸಿಕ್ಕರೆ ಬಿಡುವುದುಂಟೇ? ಹುಟ್ಟಿದ ಮೂರನೆಯ ದಿನ ಮಗಳಿಗೆ ಫಿಟ್ಸ್ ಬಂದು ಆಸ್ಪತ್ರೆಗೆ ಸೇರಿಸಿದ್ದೆವು. ಆ ಚಿಂತೆಯಲ್ಲೂ ವರಾಂಡದಲ್ಲಿ ನಿಂತು, ಬಲಗೈಯ ಗಡಿಯಾರ ನೋಡುವವನಂತೆ “ಸದ್ದು! ಒಂದೂ... ಎರಡೂ...” ಎಂದು ಸುಂದರಮ್ಮನವರನ್ನು ಅಣಕಿಸುತ್ತಿದ್ದೆ. ಹಿಂದಿನಿಂದ ಅವರ ದನಿ ಬಂತು: “ನಾನು ಗಡಿಯಾರ ಕಟ್ಟೋದು ಎಡಗೈಗೆ ಕಣಪ್ಪ. ಮಾಡೋದನ್ನ ಸರಿಯಾಗಿ ಮಾಡು.”

ಡಾಕ್ಟರು ಫಿಟ್ಸಿಗೆಂದು ನಿದ್ದೆ ಬರಿಸುವ ಪುಡಿ ಬರೆದುಕೊಟ್ಟಿದ್ದರು. ಪ್ರತಿ ಪೊಟ್ಟಣ ಬಿಚ್ಚುವ ಮುಂಚೆ ಸುಂದರಮ್ಮ ಒಂದು ನಿಮಿಷ ಪೂರ್ತಿ ಮಗುವಿನ ಉಸಿರು ಎಣಿಸುತ್ತಿದ್ದರು.

“ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದ್ರೆ ಆಗಲ್ವಾ ಸಿಸ್ಟರ್?” ಎಂದೆ, ಲೆಕ್ಕದ ಮೇಷ್ಟ್ರ ಗತ್ತಿನಲ್ಲಿ.

“ಹಸುಗೂಸು ನಿನ್ನ ಮಗ್ಗಿ ಕಲಿತಿಲ್ಲಪ್ಪ. ಒಂದಷ್ಟು ಹೊತ್ತು ಜೋರಾಗಿ ಉಸಿರಾಡಿ, ಆಮೇಲೆ ಸುಮ್ನಾಗಿಬಿಡತ್ತೆ.”

ಮಾರನೆಯ ದಿನ ಮಧ್ಯಾಹ್ನ ಅವರು ಎಣಿಸಿದರು. ಮತ್ತೆ ಎಣಿಸಿದರು. ಪೊಟ್ಟಣ ವಾಪಸ್ ಡಬ್ಬಿಗೆ ಹೋಯಿತು.

“ನಲವತ್ತಿರಬೇಕು, ಇಪ್ಪತ್ತಿದೆ. ಪುಡಿ ಕೊಡಲ್ಲ.”

“ಮತ್ತೆ ಫಿಟ್ಸ್ ಬಂದ್ರೆ?”

“ಫಿಟ್ಸ್ ಬಂದ್ರೆ ನೋಡ್ಕೋತೀನಿ. ಉಸಿರೇ ನಿಂತ್ರೆ ಏನ್ ನೋಡ್ಲಿ?” ಎಂದವರು, ಮಗುವಿನ ಪಕ್ಕ ಕೂತಿದ್ದ ನಮ್ಮಮ್ಮನ ಹೊಟ್ಟೆಯತ್ತ ತಿರುಗಿ, “ನಿಜಂ ಚೆಪ್ಪಮ್ಮ, ನಿಜ ಹೇಳು, ಮಗೂಗೆ ಏನ್ ಕೊಟ್ಟೆ?” ಎಂದರು.

ಅಮ್ಮ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದಳು. “ಅಳ್ತಾ ಇತ್ತು ನರ್ಸಮ್ಮ. ನೀವು ಊಟಕ್ಕೆ ಹೋದಾಗ... ರಾಗಿಕಾಳಷ್ಟು ಅಫೀಮು. ಒಂದೇ ಒಂದ್ ಸಲ.” ನನ್ನ ಕಡೆ ತಿರುಗಿ, “ನಿನ್ನೂ ಹಂಗೇ ಮಲಗಿಸ್ತಿದ್ದಿದ್ದು ಕಣೋ” ಎಂದಳು.

ನನ್ನ ಬುದ್ಧಿ ಯಾಕೆ ಹೀಗಾಯಿತೆಂದು ಅವತ್ತು ತಿಳಿಯಿತು.

ಸುಂದರಮ್ಮ ಬೈಯಲಿಲ್ಲ. ಡಾಕ್ಟರಿಗೆ ಹೇಳಿಕಳಿಸಿ, ಮಗುವಿನ ಪಕ್ಕದಲ್ಲೇ ಕೂತರು. ಉಸಿರು ತಡೆದಾಗಲೆಲ್ಲ ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ಹೊಡೆದು, “ಏಳು ಪುಟ್ಟಮ್ಮ, ಈಗಲೇ ಏನ್ ಸೋಮಾರಿತನ” ಎನ್ನುತ್ತಿದ್ದರು. ಡಾಕ್ಟರು ಬಂದು ನೋಡಿ, ಹಾಗೇ ಕೂತಿರಿ ಎಂದರು. ದೀಪ ಹಚ್ಚುವ ಹೊತ್ತಿಗೆ ಮಗಳು ವಾರ್ಡು ಹಾರಿಹೋಗುವಂತೆ ಅತ್ತಳು.

“ಇದನ್ನ ಅಣಕ ಮಾಡು ನೋಡಣ” ಎಂದರು ಸುಂದರಮ್ಮ.

ಆರು ತಿಂಗಳಾದ ಮೇಲೆ ಮಗಳಿಗೆ ಸಿಡುಬಿನ ಲಸಿಕೆ ಹಾಕಿಸಲು ಅಮ್ಮನ ಜೊತೆ ಅದೇ ಆಸ್ಪತ್ರೆಗೆ ಹೋದೆ. ಸುಂದರಮ್ಮನವರಿಗೆ ಚಿಂತಾಮಣಿಗೆ ವರ್ಗವಾಗಿ ಹದಿನೈದು ದಿನವಾಗಿತ್ತಂತೆ. ಮತ್ತೆ ಅವರನ್ನು ನಾನು ಕಾಣಲೇ ಇಲ್ಲ. ಅಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದಳು.

“ಅವರಿಗೊಂದು ಮಾತು ಹೇಳ್ಬೇಕಿತ್ತು ಕಣೋ.”

“ಏನಮ್ಮ?”

ಅಮ್ಮ ಮೊಮ್ಮಗಳನ್ನು ಎದೆಗೆ ಒತ್ತಿಕೊಂಡಳು.

“ಅವತ್ತು ಕೊಟ್ಟಿದ್ದು ಎರಡು ಸಲ.”