ಟವೆಲ್ಲು ಇಳಿಯುವವರೆಗಿನ ಚರಿತ್ರೆ

ಹಳೇಪೇಟೆ ನೋಡಲು ಬಂದವರಿಗೆಲ್ಲ ನಮ್ಮ ಗೈಡ್ ಮಾವನೇ ಗತಿ. "ಕೆಳಗೆ ಬರೀ ಅಂಗಡಿ, ಕತ್ತೆತ್ತಿದ್ರೆ ಚರಿತ್ರೆ," ಎನ್ನುತ್ತ ಕೆತ್ತನೆಯ ಕಂಬ ಕಂಡಲ್ಲೆಲ್ಲ ಒಬ್ಬ ರಾಜನನ್ನು ಕಟ್ಟಿಹಾಕುತ್ತಾರೆ; ನಾವೂ ನಂಬಿ ತಲೆಯಾಡಿಸಿದವರೇ. ಸುತ್ತಾಟ ಮುಗಿಯುವುದು ಬೀದಿಯ ಕೊನೆಯಲ್ಲಿ, ಅವರ ಹೆಂಡತಿ ನಡೆಸುವ ಪುಟ್ಟ ಹೋಟೆಲಿನಲ್ಲಿ. ಅಡುಗೆ ಆಗಿರದಿದ್ದರೆ ಆಕೆ ಮಹಡಿಯ ಕಂಬಿಗೆ ಕೆಂಪು ಟವೆಲ್ಲು ಹಾಕಿರುತ್ತಾರೆ. ಅದು ಕಂಡದ್ದೇ ತಡ, ಮಾವ ಹಸಿದವರನ್ನು ಹಿಂದಕ್ಕೆ ತಿರುಗಿಸಿ, ಯಾವುದೋ ಬಾಗಿಲ ಮುಂದೆ ಇನ್ನೊಂದು ಯುದ್ಧ ಹೂಡುತ್ತಾರೆ. ಈಚೆಗೆ ಆಕೆಯ ಬೆರಳುಗಳು ಬಾತುಕೊಂಡು ಕೈ ನಿಧಾನವಾಗಿದೆ. ಪೇಟೆಗೆ ರಾಜರು ಹೆಚ್ಚಾಗಿದ್ದಾರೆ. "ನನ್ನಿಂದ ನಿಮಗೆಲ್ಲ ತಡವಾಯ್ತು," ಎಂದು ಆಕೆ ಬಡಿಸುತ್ತ ಅಳುಕಿದರೆ, ಮಾವ ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: "ನಿನ್ನಡುಗೆ ಆಗ್ಲೇ ಆಗಿತ್ತು ಕಣೇ, ನನ್ನ ಬಾಯೇ ಮುಗೀಲಿಲ್ಲ."