ಅತ್ತೆ ಆರಿಸಿದ ಗೀಸರ್

ಅತ್ತೆಯ ಬಲ ಮೊಣಕೈ ಯಾವಾಗಲೂ ಕೆಂಪಗಿರುತ್ತಿತ್ತು. ನೀರಿನ ಬಿಸಿಯನ್ನು ಅವರು ಮೊಣಕೈ ಅದ್ದಿಯೇ ನೋಡುತ್ತಿದ್ದದ್ದು. ವರ್ಷಗಟ್ಟಲೆ ಹಂಡೆಯ ಒಲೆಗೆ ಹೊಗೆಸೊಪ್ಪಿನ ಕಡ್ಡಿ ತುರುಕಿದ ಬೆರಳುಗಳಿಗೆ ಬಿಸಿಯೇ ತಿಳಿಯುವುದಿಲ್ಲ ಎನ್ನುತ್ತಿದ್ದರು. ಒಂದು ಕಡೆ ಕೂತವರಲ್ಲ. ಊಟದ ನಡುವೆಯೂ ಎದ್ದು ಒಲೆ ನೋಡಿ ಬರಬೇಕು. ನನಗೂ ಅದೇ ಕಾಯಿಲೆ. ನಾವಿಬ್ಬರೂ ಇದ್ದ ಮನೆಯಲ್ಲಿ ನನ್ನ ಗಂಡನಿಗೆ ನೆಮ್ಮದಿ ಇರಲಿಲ್ಲ.

ನನಗೆ ತಾಯಿಯಿಲ್ಲ. ಹಾಗಾಗಿ ಬಾಣಂತನವನ್ನು ಅತ್ತೆಯೇ ವಹಿಸಿಕೊಂಡರು. ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಹೊಯ್ಯಬೇಕು. ಒಲೆಯ ಹೊಗೆಗೆ ಅವರಿಗೆ ಕೆಮ್ಮು. ಹೆರಿಗೆಗೆ ಮುಂಚೆಯೇ ಗೀಸರ್ ತರೋಣವೆಂದು ಮೂವರೂ ಬಸ್ಸು ಹತ್ತಿ ಹುಣಸೂರಿಗೆ ಹೋದೆವು.

ಅಂಗಡಿಯಲ್ಲಿ ಅತ್ತೆ ಒಂದು ಗೀಸರನ್ನು ತಟ್ಟಿ, "ಇದ್ರಲ್ಲಿ ನೀರು ನಿಲ್ಲೋ ಜಾಗಾನೇ ಇಲ್ವಲ್ಲ?" ಎಂದರು.

"ನಿಲ್ಲಲ್ಲ ಕಣಮ್ಮ. ನಲ್ಲಿ ತಿರುಗ್ಸಿದ್ರೆ ಬೆಂಕಿ ಅತ್ಕತದೆ, ನೀರು ಅರೀತಾ ಅರೀತಾನೇ ಕಾಯ್ತದೆ," ಎಂದ ಅಂಗಡಿಯವ.

ಕರೆಂಟಿನದೂ ಇತ್ತು. ಆದರೆ ಪಂಪ್‌ಸೆಟ್ ಓಡುವ ಹೊತ್ತಿಗೆ ನಮ್ಮೂರಿನ ಬಲ್ಬೇ ಮಿಣಮಿಣ ಅನ್ನುತ್ತದೆ. ಗ್ಯಾಸಿನದೇ ಸರಿ ಎಂದಾಯಿತು. ಹೊರಗೋಡೆಗೆ ಹಾಕಿಸಿ ಎಂದು ಅಂಗಡಿಯವ ಒತ್ತಿ ಒತ್ತಿ ಹೇಳಿದ. ಅತ್ತೆ ಕೇಳಬೇಕಲ್ಲ! "ಬಿಸಿ ಎಚ್ಚುಕಮ್ಮಿ ಮಾಡಕ್ಕೆ ಆಚಿಗೆ ಓಡ್ತಾ ಇರ್ಲಾ ನಾನು? ನನ್ ಕೈಗೆ ಸಿಗಂಗೆ ಒಳಗೇ ಆಕ್ಸು ಕಣ್ಲಾ," ಎಂದು ಮಗನಿಗೆ ಅಪ್ಪಣೆ ಮಾಡಿದರು. ಬಚ್ಚಲ ಕಿಟಕಿ ಮುಚ್ಚುವುದಿಲ್ಲವೆಂದು ಅಂಗಡಿಯವನಿಗೆ ಮಾತು ಕೊಟ್ಟು ಬಂದೆವು.

ಆದರೆ ಬಾಣಂತಿಗೆ ಗಾಳಿ ಸೋಕಬಾರದಲ್ಲ. ಮಗಳು ಹುಟ್ಟಿದ ಮೇಲೆ ನನಗೆ ನೀರು ಹಾಕುವ ಮೊದಲ ದಿನವೇ ಅತ್ತೆ ಕಿಟಕಿಗೆ ಹಳೇ ಸೀರೆ ತುರುಕಿದರು, ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದರು. ಮಗು ಒಳಮನೆಯಲ್ಲಿ ಮಲಗಿತ್ತು. ಚೊಂಬಿನ ಮೇಲೆ ಚೊಂಬು ನೀರು ಬಿತ್ತು. ನನಗೆ ತಲೆ ಭಾರವಾಯಿತು, ಕಣ್ಣು ಎಳೆಯಿತು. ಎಣ್ಣೆನೀರು ಬಿದ್ದ ಬಾಣಂತಿಗೆ ನಿದ್ದೆ ಬರುವುದು ವಾಡಿಕೆಯೇ ಅಂದುಕೊಂಡೆ. ಅಷ್ಟರಲ್ಲಿ ಅತ್ತೆಯ ಕೈಯಿಂದ ಚೊಂಬು ಜಾರಿತು.

"ಬ್ಯಾರನ್ ಒಳಗೆ ಇಂಗೇ ಕಣವ್ವ ತಲೆ ತಿರ್ಗೋದು! ಏಳು! ಏಳವ್ವ!" ಎಂದು ಕೂಗಿದರು. ಬೆಂಕಿ ಹಾಕಿ ತಂಬಾಕು ಹದ ಮಾಡುವ ಮುಚ್ಚಿದ ಕೋಣೆ, ಬ್ಯಾರನ್ನಿನಲ್ಲಿ ಹಿಂದೆ ದುಡಿದವರು ಅವರು.

ನನಗೆ ಏಳಲಾಗಲಿಲ್ಲ. ಗಾಳಿ ಸೋಕಿದರೆ ಬಾಣಂತಿ ಕೆಟ್ಟಳೆಂದು ನಂಬಿದ್ದ ಆ ಹೆಂಗಸು ನನ್ನ ಕಂಕುಳಿಗೆ ಕೈಹಾಕಿ, ಒದ್ದೆ ಮೈಯಲ್ಲೇ ಅಂಗಳದ ಗಾಳಿಗೆ ಎಳೆದು ತಂದು, ತಮ್ಮ ಸೀರೆ ಬಿಚ್ಚಿ ಹೊದಿಸಿ, ಪಕ್ಕದಲ್ಲೇ ಕುಸಿದು ವಾಂತಿ ಮಾಡಿಕೊಂಡರು. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಒಳಗಿನ ಗಾಳಿಯೇ ವಿಷವಾಗುತ್ತದೆ, ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು.

ಗೀಸರ್ ಹೊರಗೋಡೆಗೆ ಹೋಯಿತು, ಕಿಟಕಿ ತೆರೆದೇ ಇತ್ತು. ಆದರೂ ಅತ್ತೆಗೆ ಸಮಾಧಾನವಿಲ್ಲ. ನನಗೆ ನೀರು ಹಾಕುವ ಮುಂಚೆ ನಲ್ಲಿ ಬಿಟ್ಟು, ಒಬ್ಬರೇ ಒಳಗೆ ಬಾಗಿಲು ಹಾಕಿಕೊಂಡು ನಿಲ್ಲುತ್ತಿದ್ದರು. ನಾನು ಹೊರಗಿನಿಂದ ಕದ ಬಡಿಯುತ್ತಿದ್ದೆ.

"ತಡಿ, ಮೊದ್ಲು ನಂಗೇನಾರ ಆಯ್ತದಾ ನೋಡನ. ಮಗೀಗೆ ನೀನು ಬೇಕು ಕಣವ್ವ."

ಎಂಥ ಕೋಪ ಬರುತ್ತಿತ್ತು ನನಗೆ! ಅಷ್ಟೇ ಅಳುವೂ ಬರುತ್ತಿತ್ತು.

ಹೋದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಕೊನೆಯವರೆಗೂ ಮನೆಗೆ ಬಂದವರಿಗೆಲ್ಲ, "ಸೊಸೇನ ನಾನೇ ಕೊಂದ್ಬುಡ್ತಿದ್ದೆ," ಎನ್ನುತ್ತಿದ್ದರು. ಎಳೆದು ತಂದದ್ದನ್ನು ಒಬ್ಬರಿಗೂ ಹೇಳಲಿಲ್ಲ. ನಾನು ಬಾಯಿ ತೆರೆದರೆ, "ನೀ ಸುಮ್ಕಿರು," ಎಂದು ಗದರುತ್ತಿದ್ದರು. ಈಗ ಗದರುವವರಿಲ್ಲ, ಹೇಳುತ್ತಿದ್ದೇನೆ. ನನ್ನ ಮಗಳು "ಅಮ್ಮಾ" ಎಂದು ಕೂಗಿದಾಗ ಓಗೊಡಲು ನಾನಿರುವುದು ಅವರಿಂದ.