ಬೀಳುವ ಕಲ್ಲಿನ ಮೇಲೆ ಕುಳಿತವಳು

ಸ್ಟೆಲ್ಲಾ, ನಿನ್ನ ಉತ್ತರ ಸರಿಯಾಗಿತ್ತು. ತಪ್ಪು ಎಂದು ನಾನು ಹೇಳಿದ್ದು ಸುಳ್ಳು — ಗೊತ್ತಿದ್ದೂ ಹೇಳಿದ ಸುಳ್ಳು.

ಮೊದಲ ಪಿಯುಸಿಯ ಕಿರುಪರೀಕ್ಷೆ ಅದು. ನೂರು ಮೀಟರ್ ಗೋಪುರದ ತುದಿಯಿಂದ ಒಂದು ಕಲ್ಲನ್ನು ಬಿಡುತ್ತಾರೆ. ಅದೇ ಕ್ಷಣ ನೆಲದಿಂದ ಇನ್ನೊಂದನ್ನು ಸೆಕೆಂಡಿಗೆ ಇಪ್ಪತ್ತೈದು ಮೀಟರ್ ವೇಗದಲ್ಲಿ ಮೇಲಕ್ಕೆಸೆಯುತ್ತಾರೆ. ಎರಡೂ ಯಾವಾಗ ಸಂಧಿಸುತ್ತವೆ? ಭೌತಶಾಸ್ತ್ರದ ಮೇಷ್ಟರುಗಳು ನಾವು ಇಂಥದ್ದಕ್ಕೆ ಹಂತ ಹಂತವಾಗಿ ಅಂಕ ಕೊಡುತ್ತೇವೆ — ಸೂತ್ರಕ್ಕೆ ಇಷ್ಟು, ಬೆಲೆ ಹಾಕಿದ್ದಕ್ಕೆ ಇಷ್ಟು, ಉತ್ತರಕ್ಕೆ ಒಂದು. ನೀನು ಸೂತ್ರವನ್ನೇ ಬರೆದಿರಲಿಲ್ಲ. 'ಭೂಮಿ ಎರಡನ್ನೂ ಒಂದೇ ಥರ ಎಳೆಯುತ್ತದೆ. ಬೀಳುವ ಕಲ್ಲಿನ ಮೇಲೆ ಕೂತು ನೋಡಿದರೆ ಇನ್ನೊಂದು ಕಲ್ಲು ಒಂದೇ ವೇಗದಲ್ಲಿ ನನ್ನ ಕಡೆಗೇ ಬರುತ್ತದೆ. ನೂರನ್ನು ಇಪ್ಪತ್ತೈದರಿಂದ ಭಾಗಿಸಿದರೆ ನಾಲ್ಕು ಸೆಕೆಂಡ್.' ಅಷ್ಟೇ.

ಪತ್ರಿಕೆ ತಿದ್ದುತ್ತಿದ್ದ ನಾನು ಕೂತಲ್ಲಿ ಕೂರಲಾಗದೆ ಎದ್ದು ಮನೆಯೊಳಗೆಲ್ಲ ಓಡಾಡಿದೆ. ವರ್ಷ ವರ್ಷವೂ ಆ ಲೆಕ್ಕ ಮಾಡಿಸುತ್ತಿದ್ದ ನನಗೆ, ಭೂಮಿಯ ಎಳೆತ ಹಾಗೆ ಲೆಕ್ಕದಿಂದಲೇ ಜಾರಿ ಹೋಗುತ್ತದೆಂದು ಹೊಳೆದಿರಲಿಲ್ಲ. ಇಷ್ಟು ಚಿಕ್ಕ ಹುಡುಗಿ, ಹೋಗಿ ಕಲ್ಲಿನ ಮೇಲೆ ಕೂತು ನೋಡಿಬಿಟ್ಟಿದ್ದಳಲ್ಲ — ಆಮೇಲೆ ಹೊಟ್ಟೆಕಿಚ್ಚಾಯಿತು. ಐದಕ್ಕೆ ಒಂದು ಹಾಕಿದೆ.

ಪತ್ರಿಕೆ ಹಂಚಿದ ದಿನ ನೀನು ಅದನ್ನು ಹಿಡಿದು ನನ್ನ ಬಳಿ ಬಂದೆ. "ಸರ್, ನಾನು ಯೋಚ್ನೆ ಮಾಡಿದ್ದೇ ತಪ್ಪಾ?"

"ತಪ್ಪು ಕಣಮ್ಮ. ಫಿಸಿಕ್ಸ್ ಅಂದ್ರೆ ಹಿಂಗೆ ಕತೆ ಬರಿಯೋದಲ್ಲ. ನಿನ್ನ ತಲೆಗೆ ಹತ್ತೋದಲ್ಲ ಬುಡು."

ಅಲ್ಲಿಂದಾಚೆ ನೀನು ನನ್ನ ಸೂತ್ರಗಳನ್ನೇ ಬರೆದೆ; ನಾನೂ ಪೂರ್ತಿ ಅಂಕ ಕೊಟ್ಟೆ. ನೀನು ಕಂಡದ್ದನ್ನೋ — ಮರುವರ್ಷದಿಂದ ನನಗೇ ಹೊಳೆದದ್ದೆಂಬಂತೆ ಪಾಠ ಮಾಡಿದೆ. ಇಂದಿಗೂ ಆ ಮಾತು ಹೇಳಿದಾಗ ಮಕ್ಕಳು ಬರೆಯುವುದನ್ನು ಬಿಟ್ಟು ತಲೆ ಎತ್ತುತ್ತಾರೆ. ನನಗೂ ಪ್ರತಿ ಸಲ ಹೊಸದಾಗಿ ಬೆರಗಾಗುತ್ತದೆ.

ಮೊನ್ನೆ ನೀನು ಮಗಳನ್ನು ಸೇರಿಸಲು ಕಾಲೇಜಿಗೆ ಬಂದಿದ್ದೆ. ಅವಳಿಗೆ ಸೈನ್ಸ್ ಬೇಕಂತೆ. ನೀನು ನನ್ನನ್ನು ತೋರಿಸಿ ನಗುತ್ತ ಅಂದೆ: "ಬೇಕಾದ್ರೆ ಸರ್‌ನೇ ಕೇಳು. ಫಿಸಿಕ್ಸ್ ನಮ್ಮಂಥೋರಿಗಲ್ಲ ಕಣೆ, ಸರ್ ಅವತ್ತೇ ಹೇಳ್ಬುಟ್ಟಿದ್ರು. ಸುಮ್ನೆ ಕಾಮರ್ಸ್ ತಗೊ." ಹುಡುಗಿ ನನ್ನ ಮುಖ ನೋಡಿದಳು. ನಾನು — ಬಾಯಿ ಬಿಡಲಿಲ್ಲ.

ಸೋಮವಾರ ಪ್ರವೇಶಕ್ಕೆ ಕೊನೆಯ ದಿನ. ನಾಳೆ ಭಾನುವಾರ, ನೀವು ಚರ್ಚಿನಿಂದ ಬರುವಷ್ಟರಲ್ಲಿ ಮಂಡಿ ಮೊಹಲ್ಲಾದ ನಿಮ್ಮ ಮನೆ ಬಾಗಿಲಲ್ಲಿರುತ್ತೇನೆ. ನಿನ್ನನ್ನು ಕ್ಷಮೆ ಕೇಳಲು ನನಗೆ ಮುಖವಿಲ್ಲ. ಅವಳ ಅಮ್ಮ ಎಂಥವಳೆಂದು ಆ ಹುಡುಗಿಗೆ ಹೇಳಬೇಕು.